ಮಧ್ಯಾಹ್ನದ ಮಗ್ಗುಲು

ಕೆಂಡಮ್ಮ ಏಳುವುದಕ್ಕೆ ಮೊದಲೇ ಅವಳ ಕೋಪ ಎದ್ದು, ಮುಖ ತೊಳೆದು, ಬಾಗಿಲ ಬಳಿ ಅವಳಿಗಾಗಿ ಕಾಯುತ್ತಾ ನಿಂತಿರುತ್ತಿತ್ತು. ಇಬ್ಬರೂ ಜೊತೆಯಾಗಿಯೇ ಮನೆ ಬಿಡುತ್ತಿದ್ದರು. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ನಲ್ಲಿಗೆ ಬೈಗುಳ, ಜೋರಾಗಿ ಬಂದರೆ ಬಕೆಟ್ಟಿಗೆ. ಬೀದಿನಾಯಿ ಬಾಲ ಅಲ್ಲಾಡಿಸಿಕೊಂಡು ಹಿಂದೆ ಬಂದರೆ, "ನನ್ನ ತಲೆ ತಿನ್ನೋಕೆ ನೀನೊಬ್ಬ ಬಾಕಿ ಇದ್ದೆ ನೋಡು" ಎಂದು ಗದರುತ್ತಲೇ ಚೀಲದಿಂದ ಬ್ರೆಡ್ಡಿನ ತುಂಡು ತೆಗೆದು ಎಸೆಯುತ್ತಿದ್ದಳು. ನಾಯಿಗೆ ಬೈಗುಳ ಅರ್ಥವಾಗದು, ಬ್ರೆಡ್ಡು ಅರ್ಥವಾಗುತ್ತದೆ. ಆ ಬೀದಿಯಲ್ಲಿ ಅವಳನ್ನು ಸರಿಯಾಗಿ ತಿಳಿದುಕೊಂಡಿದ್ದು ಬಹುಶಃ ಆ ನಾಯಿ ಒಂದೇ.

ಕೆಂಡಮ್ಮ ಎಂಬುದು ಅವಳ ನಿಜವಾದ ಹೆಸರಲ್ಲ. ಜ್ಞಾನಸ್ನಾನದಲ್ಲಿ ಇಟ್ಟದ್ದು ಒಬ್ಬ ಸೌಮ್ಯ ಸಂತಳ ಹೆಸರು. ಆ ಸಂತಳೇ ಎದುರಿಗೆ ಬಂದರೂ ಇವಳನ್ನು ಆ ಹೆಸರಿನಿಂದ ಕರೆಯಲು ಹೆದರಿಯಾಳು ಎಂದು ಅವಳು ಇಸ್ತ್ರಿ ಮಾಡುವ ಲಾಂಡ್ರಿಯ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಇದ್ದಿಲ ಇಸ್ತ್ರಿಪೆಟ್ಟಿಗೆಯ ಕಾಲದಲ್ಲಿ ಅವಳು ಆ ಕೆಲಸಕ್ಕೆ ಸೇರಿದ್ದು. ಮುಚ್ಚಳ ತೆಗೆದು ಉಫ್ ಎಂದು ಊದುವಾಗ ಒಳಗಿನ ಕೆಂಡದ ಜೊತೆಗೆ ಅವಳ ಮುಖವೂ ಕೆಂಪಾಗುತ್ತಿತ್ತಂತೆ. ಈಗ ಇದ್ದಿಲು ಹೋಗಿ ಹಬೆಯ ಯಂತ್ರ ಬಂದಿದೆ. ಹೆಸರು ಮಾತ್ರ ಇನ್ನೂ ಆರಿಲ್ಲ.

ಗಂಡ ಸತ್ತು ಬಹಳ ಕಾಲವಾಗಿತ್ತು. ಮಗಳು ಮದುವೆಯಾಗಿ ದೂರದ ಊರಲ್ಲಿದ್ದಳು. ಫೋನು ಮಾಡಿದಾಗಲೆಲ್ಲ ಮೊದಲು ಕೇಳುತ್ತಿದ್ದುದು, "ಅಮ್ಮಾ, ಇವತ್ತು ಯಾರ ಗ್ರಹಚಾರ ಬಿಡಿಸ್ದೆ?" ಎಂದೇ.

ಇಂಥ ಕೆಂಡಮ್ಮ ಹೆಚ್ಚುಕಡಿಮೆ ಒಂದು ವರ್ಷದಿಂದ, ರಕ್ತಸಂಬಂಧವಿಲ್ಲದ ಒಬ್ಬ ಮುದುಕನ ಮೈ ತೊಳೆಯುತ್ತಿದ್ದಳು.

ಆ ಮುದುಕ ಗಂಟೆಯಜ್ಜ. ಚರ್ಚಿನ ಗಂಟೆ ಹೊಡೆಯುವುದೇ ಅವನ ಬದುಕಾಗಿತ್ತು. ಹೆಂಡತಿ ಮಕ್ಕಳಿಲ್ಲ. ಗಂಟೆಗೋಪುರದ ಬುಡದ ಕೋಣೆಯೇ ಮನೆ. ಒಂದು ಮಂಚ, ಒಂದು ಕಿಟಕಿ, ಚಾವಣಿಯ ತೂತಿನಿಂದ ಇಳಿಬಿದ್ದ ಹಗ್ಗ, ಇಷ್ಟೇ ಅವನ ಆಸ್ತಿ. ಆಮೇಲೆ ಗಂಟೆಗೆ ಕರೆಂಟು ಬಂತು. ಗುಂಡಿ ಒತ್ತಿದರೆ ತಾನೇ ಬಾರಿಸಿಕೊಳ್ಳತೊಡಗಿತು. ಹಗ್ಗ ಸುಮ್ಮನೆ ತೂಗುತ್ತಾ ಉಳಿಯಿತು. ಅದನ್ನು ನೋಡುತ್ತಾ ನೋಡುತ್ತಾ ಒಂದು ದಿನ ಅಜ್ಜನ ಬಲಭಾಗಕ್ಕೆ ಲಕ್ವ ಹೊಡೆಯಿತು.

ಮೊದಲ ವಾರ ಊರೇ ಬಂತು. ಹಣ್ಣು ತಂದರು, ತಲೆ ಸವರಿದರು, ಪ್ರಾರ್ಥನೆ ಮಾಡಿದರು. ಎರಡನೆಯ ವಾರ ಹಣ್ಣು ಕೊಳೆಯಿತು. ಕೊಳೆತ ಹಣ್ಣು ಎಸೆಯಲು ಬಂದ ಕೆಂಡಮ್ಮ ಹಾಸಿಗೆಯ ವಾಸನೆ ಹಿಡಿದಳು, ಹೊದಿಕೆ ಎತ್ತಿದಳು, ಬೆನ್ನಿನ ಹುಣ್ಣು ನೋಡಿದಳು. ಅಂದು ಅವಳ ಬಾಯಿಂದ ಬಂದ ಮಾತುಗಳನ್ನು ಚರ್ಚಿನ ಅಂಗಳದಲ್ಲಿ ಹೇಳುವಂತಿಲ್ಲ. ಕೋಣೆಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದವಳು ಮತ್ತೆ ಯಾರಿಗೂ ಕೊಡಲಿಲ್ಲ.

ಅದಕ್ಕೊಂದು ಹಿಂದಿನ ಕತೆ ಇದೆ. ಕೆಂಡಮ್ಮ ಚಿಕ್ಕವಳಿದ್ದಾಗ ಅವಳ ತಾಯಿ ತೀರಿಕೊಂಡಳು. ಅವರಿವರ ಮನೆಯ ನೆಲ ಒರೆಸಿ ಬದುಕಿದ ಹೆಂಗಸು. ದೊಡ್ಡವರು ಸತ್ತರೆ ಗಂಟೆ ಬಹಳ ಹೊತ್ತು ಬಾರಿಸುತ್ತಿತ್ತು, ಬಡವರಿಗೆ ಸ್ವಲ್ಪ ಹೊಡೆದು ನಿಲ್ಲಿಸುತ್ತಿದ್ದರು. ಅಂದು ಗಂಟೆಯಜ್ಜ ನಿಲ್ಲಿಸಲೇ ಇಲ್ಲ. ಶವಪೆಟ್ಟಿಗೆ ಬೀದಿ ದಾಟಿತು, ಸೇತುವೆ ದಾಟಿತು, ಸಮಾಧಿಗಿಳಿಯಿತು, ಆಗಲೂ ಗಂಟೆ ಬಾರಿಸುತ್ತಲೇ ಇತ್ತು. ಚರ್ಚಿನ ಹಿರಿಯನೊಬ್ಬ ಓಡಿಬಂದು, "ಏನಯ್ಯಾ, ಯಾವ ರಾಣಿ ಸತ್ತಳು ಅಂತ ಹೊಡೀತಿದೀಯಾ?" ಎಂದು ಗುಡುಗಿದ. ಅಜ್ಜ ತಿರುಗಿಯೂ ನೋಡದೆ, "ಹಗ್ಗ ಕೈಗೆ ಸುತ್ಕೊಂಡಿದೆ ಸ್ವಾಮಿ, ಬಿಡಿಸ್ಕೊಳ್ಳೋಕಾಗ್ತಿಲ್ಲ" ಎಂದನಂತೆ. ಮರುದಿನ ಹುಡುಗಿ ಏನೋ ಹೇಳಬೇಕೆಂದು ಗೋಪುರದ ಬಾಗಿಲಲ್ಲಿ ನಿಂತಾಗ, "ಆಚೆ ಹೋಗೇ, ಹಗ್ಗ ಮೂತಿಗೆ ಬಡಿದೀತು" ಎಂದು ಓಡಿಸಿದ. ಒಳ್ಳೆಯತನಕ್ಕೆ ನಗುಮುಖ ಬೇಕಾಗಿಲ್ಲ ಎಂಬುದನ್ನು ಕೆಂಡಮ್ಮ ಕಲಿತದ್ದು ಅಲ್ಲಿ. ಕಲಿತದ್ದನ್ನು ಸ್ವಲ್ಪ ಹೆಚ್ಚೇ ಕಲಿತಳು.

ಬೆಳಕು ಹರಿಯುವ ಹೊತ್ತಿಗೆ ಒಮ್ಮೆ ಬರುತ್ತಿದ್ದಳು, ಕೆಲಸ ಬಿಟ್ಟ ಮೇಲೆ ಒಮ್ಮೆ. ಹಾಸು ಬದಲಿಸಿ, ಮೈ ಒರೆಸಿ, ಹುಣ್ಣಿಗೆ ಮುಲಾಮು ಹಚ್ಚಿ, ಹಾಲಿಗೆ ಬ್ರೆಡ್ಡು ಅದ್ದಿ ತಿನ್ನಿಸಿ, ಒಂದು ಮಗ್ಗುಲಿಗೆ ಮಲಗಿಸಿ ಹೋಗುವಳು.

"ಇವತ್ತು ಯಾರ ಮೇಲೆ ಸಿಟ್ಟು?" ಅಜ್ಜ ಸೊಟ್ಟ ಬಾಯಲ್ಲಿ ಕೇಳುವನು.

"ನಿನ್ನ ಮೇಲೆ."

"ನಾನೇನು ಮಾಡ್ದೆ? ಬಿದ್ಕೊಂಡಿದೀನಿ."

"ಅದಕ್ಕೇ ಸಿಟ್ಟು. ನೀನು ಬಿದ್ಕೊಂಡಿದೀಯಾ, ನಾನು ನಿಂತ್ಕೊಂಡೇ ಸಾಯ್ತಿದೀನಿ. ಕೈ ಎತ್ತು."

ತೊಂದರೆ ಇದ್ದದ್ದು ಮಧ್ಯಾಹ್ನದ್ದು. ಬೆಳಿಗ್ಗೆ ಮಲಗಿಸಿದ ಮಗ್ಗುಲಲ್ಲೇ ಅಜ್ಜ ಸಂಜೆಯವರೆಗೆ ಬಿದ್ದಿರಬೇಕು. ಒದ್ದೆಯಾದರೆ ಒದ್ದೆಯಲ್ಲೇ. ಬೆಳಿಗ್ಗೆ ಒಣಗಿದ ಹುಣ್ಣು ಸಂಜೆಗೆ ಮತ್ತೆ ಬಾಯಿ ಬಿಡುತ್ತಿತ್ತು. ಆಸ್ಪತ್ರೆಯ ಹಾಸುಗಳೆಲ್ಲ ಲಾಂಡ್ರಿಗೆ ಬಂದು ಬೀಳುವುದು ನಡು ಮಧ್ಯಾಹ್ನಕ್ಕೇ. ಊಟವೂ ಒಳಗೇ, ಗೇಟಿಗೆ ಬೀಗ. ಮೇಸ್ತ್ರಿಯನ್ನು ಕೇಳಿದ್ದಳು. "ಹೋಗು, ಆದರೆ ಮತ್ತೆ ಬರ್ಬೇಡ" ಎಂದಿದ್ದ.

ಆ ವರ್ಷ ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ವಾರಗಳ ಆಗಮನ ಕಾಲದ ಮೊದಲ ಭಾನುವಾರ ಬಂತು. ಪೀಠದ ಮೇಲೆ ನೇರಳೆ ಬಟ್ಟೆ, ಹಸಿರೆಲೆಯ ಹಾರಕ್ಕೆ ಸಿಕ್ಕಿಸಿದ ನಾಲ್ಕು ಮೇಣದ ಬತ್ತಿಗಳಲ್ಲಿ ಮೊದಲನೆಯದು ಉರಿಯುತ್ತಿತ್ತು. ಪೀಠದ ಕೆಳಗೆ ಗೋದಲಿ ಸಾಹುಕಾರ ಒಂದು ಮರದ ಗೋದಲಿ, ದನಕ್ಕೆ ಮೇವು ಹಾಕುವಂಥ ತೊಟ್ಟಿ, ತಂದಿಟ್ಟಿದ್ದ. ಅವನದು ಕಬ್ಬಿಣದಂಗಡಿ. ಪ್ರತಿ ಕ್ರಿಸ್‌ಮಸ್ಸಿಗೆ ಅಂಗಳದಲ್ಲಿ ಯೇಸು ಹುಟ್ಟಿದ ಕೊಟ್ಟಿಗೆ, ಗುಡ್ಡ, ತೊರೆ, ಮಿಣಮಿಣ ದೀಪ, ಕುರುಬರು, ಕರುವಿನಷ್ಟು ಎತ್ತರದ ಒಂಟೆ, ಎಲ್ಲ ಅವನದೇ ಕೈಚಳಕ. ಅದರಿಂದಲೇ ಆ ಹೆಸರು.

ಗುರುಗಳು ವಯಸ್ಸಿನಲ್ಲಿ ಸಣ್ಣವರು, ಸ್ವಭಾವದಲ್ಲಿ ಬೆಣ್ಣೆ. ಯಾರು ಏನು ಕೇಳಿದರೂ "ನೋಡೋಣ" ಎನ್ನುವವರು. ಅವರು ಖಾಲಿ ಗೋದಲಿ ತೋರಿಸಿ ಹೇಳಿದರು: ಬಾಲಯೇಸು ಬರುವುದರೊಳಗೆ ಅವನಿಗೊಂದು ಮೆತ್ತನೆಯ ಹಾಸಿಗೆ ಮಾಡೋಣ. ಯಾರಿಗಾದರೂ ಒಂದು ಒಳ್ಳೆಯ ಕೆಲಸ ಮಾಡಿದಾಗ, ಬಂದು ಬುಟ್ಟಿಯಿಂದ ಒಂದು ಎಳೆ ಹುಲ್ಲು ತೆಗೆದು ಇದರಲ್ಲಿಡಿ. ಏನು ಮಾಡಿದಿರೆಂದು ಯಾರಿಗೂ ಹೇಳಬೇಡಿ. ಅದು ನಿಮಗೆ ಗೊತ್ತಿರಲಿ, ದೇವರಿಗೆ ಗೊತ್ತಿರಲಿ, ಸಾಕು.

ಕೆಂಡಮ್ಮನಿಗೂ ಅದು ಚೆನ್ನಾಗಿಯೇ ಕಂಡಿತು. ಆದರೆ ಪೂಜೆ ಮುಗಿದ ಮೇಲೆ ಗುರುಗಳು ಅವಳನ್ನು ಪಕ್ಕಕ್ಕೆ ಕರೆದರು.

"ಅಮ್ಮಾ, ಕೋಪ ಮಾಡ್ಕೋಬೇಡಿ."

"ಹಾಗಂದ್ರೆ ಕೋಪ ಬರೋ ವಿಷಯಾನೇ. ಹೇಳಿ ಫಾದರ್."

ಚರ್ಚಿನ ಪಂಚಾಯತಿಯ ಸಭೆಯಲ್ಲಿ ತೀರ್ಮಾನವಾಗಿದೆಯಂತೆ. ಅಜ್ಜನನ್ನು ದೂರದ ಪಟ್ಟಣದ ವೃದ್ಧಾಶ್ರಮಕ್ಕೆ ಕಳಿಸುವುದು. ಅಲ್ಲಿ ನೋಡಿಕೊಳ್ಳುವವರಿದ್ದಾರೆ, ಇಲ್ಲಿ ಹಗಲೆಲ್ಲ ಒಬ್ಬನೇ. ಕೋಣೆ ಖಾಲಿಯಾದರೆ ಗೋದಲಿಯ ಬೊಂಬೆಗಳನ್ನು ಇಡಬಹುದು. ಸಾಹುಕಾರನ ಗೋದಾಮಿನಲ್ಲಿ ತೇವ ಹಿಡಿದು ಒಬ್ಬ ಕುರುಬನ ಮೂಗು ಉದುರಿದೆ.

ಕೆಂಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಉಸಿರಾಡೋ ಮನುಷ್ಯನ್ನ ಆಚೆ ಹಾಕಿ ಗಾರೆ ಕುರುಬನ್ನ ಒಳಗೆ ಮಲಗಿಸ್ತೀರಾ? ಆ ಮೂಗಿಗೆ ನೆಗಡಿ ಆಗುತ್ತೆ ಅಂತ?"

"ಹಾಗಲ್ಲಮ್ಮಾ. ಅಜ್ಜನ ಒಳ್ಳೇದಕ್ಕೇ. ಮಧ್ಯಾಹ್ನ ಯಾರೂ ಇಲ್ವಲ್ಲ."

"ಇದ್ರೆ?"

ಗುರುಗಳು "ನೋಡೋಣ" ಎನ್ನಲು ಬಾಯಿ ತೆರೆದರು. ಅವಳ ಕಣ್ಣು ನೋಡಿ ಮುಚ್ಚಿದರು. "ಕ್ರಿಸ್‌ಮಸ್ ಆದ್ಮೇಲೆ ಬರೋ ಮೂವರು ರಾಜರ ಹಬ್ಬದೊಳಗೆ ಮಧ್ಯಾಹ್ನಕ್ಕೊಬ್ಬರು ಗೊತ್ತಾದರೆ ಆಶ್ರಮದ ವ್ಯಾನ್ ಬೇಡ ಅಂತೀನಿ. ಇಲ್ಲಾಂದ್ರೆ ಮಾರನೇ ದಿನ ಅದು ಬರುತ್ತೆ."

ಸಂಜೆ ಅಜ್ಜನಿಗೆ ವಿಷಯ ಹೇಳಿದಳು. ಅವನು ಹಗ್ಗದ ಕಡೆ ಕಣ್ಣೆತ್ತಿದ. "ಆ ಕರೆಂಟಿನ ಗಂಟೆ ಇದೆಯಲ್ಲಾ, ಅದು ತಾಳ ತಪ್ಪಿ ಹೊಡೆಯುತ್ತೆ. ಅದಕ್ಕೆ ಬೈಯೋಕೆ ನಾನಿಲ್ಲಿರ್ಬೇಕು" ಎಂದ. ಕಣ್ಣಲ್ಲಿ ನೀರು ಬಂದದ್ದು ಲಕ್ವದ ಕಡೆಯ ಕಣ್ಣಿಂದಲೋ ಸರಿಯಿದ್ದ ಕಣ್ಣಿಂದಲೋ ಎಂದು ನೋಡಲು ಅವಳು ನಿಲ್ಲಲಿಲ್ಲ. ಹಾಸು ಒಗೆಯಲು ಹೊರಟಳು.

ಮರುದಿನದಿಂದ ಕೆಂಡಮ್ಮ ಮನೆಮನೆಯ ಬಾಗಿಲು ಬಡಿದಳು. ಕೇಳುವುದು ಅವಳಿಗೆ ಬರದ ವಿದ್ಯೆ. ಕೇಳಿದರೂ ಜಗಳಕ್ಕೆ ಬಂದ ಹಾಗೇ ಕೇಳಿಸುತ್ತಿತ್ತು. "ಮಧ್ಯಾಹ್ನ ಬಂದು ಅಜ್ಜನ ಮಗ್ಗುಲು ಬದಲಿಸಿ ಹೋಗ್ಬೇಕು. ಆಗುತ್ತೋ ಇಲ್ವೋ?" ಒಬ್ಬರಿಗೆ ಸೊಂಟನೋವು, ಒಬ್ಬರಿಗೆ ಆ ವಾಸನೆ ಕಂಡರೆ ವಾಂತಿ. ಒಬ್ಬರು, "ಗಂಡಸಿನ ಮೈ ಮುಟ್ಟೋದು ಹೇಗಮ್ಮಾ?" ಎಂದರು. "ಮುಟ್ಟಿ ನೋಡಿ, ಕಚ್ಚಲ್ಲ. ಹಲ್ಲಿಲ್ಲ" ಎಂದು ಹೇಳಿ ಮೆಟ್ಟಿಲಿಳಿದಳು. ಎಲ್ಲರೂ ಕೊನೆಗೆ ಒಂದೇ ಮಾತು ಹೇಳಿದರು: ಪ್ರಾರ್ಥನೆಯಲ್ಲಿ ನೆನೆಸಿಕೊಳ್ತೀವಿ.

ಬಂದವಳು ಒಬ್ಬಳೇ, ದರ್ಜಿಯ ಹೆಂಡತಿ. ಹೊಸದಾಗಿ ಮದುವೆಯಾಗಿ ಆ ಬೀದಿಗೆ ಬಂದ ಸಣ್ಣ ಹುಡುಗಿ, ಅತ್ತೆಯ ಎದುರು ಕೆಮ್ಮಲೂ ಅಪ್ಪಣೆ ಕೇಳುವಂಥವಳು. ಕೆಲಸ ಕಲಿಯಲೆಂದು ಒಂದು ಸಂಜೆ ಕೋಣೆಗೆ ಬಂದಳು. ಕೈ ನಡುಗುತ್ತಿತ್ತು. ಅಜ್ಜನನ್ನು ತಿರುಗಿಸುವಾಗ ನೀರಿನ ಚೊಂಬು ಉರುಳಿ ತಲೆದಿಂಬು ತೊಯ್ದು ಹೋಯಿತು.

"ಕಣ್ಣೇನು ಮನೇಲಿಟ್ಟು ಬಂದಿದೀಯಾ? ಬಟ್ಟೆ ಹೊಲಿಯೋ ಮನೆಯವಳು ಅಂತೀಯಾ, ಒಂದು ಮುದುಕನ್ನ ನೆಟ್ಟಗೆ ಮಡಚೋಕೆ ಬರಲ್ವಾ? ಕೈಯೋ ಅದು ಇಕ್ಕಳವೋ?"

ಹುಡುಗಿ ತಲೆದಿಂಬನ್ನು ಬಿಸಿಲಿಗಿಡುವ ಕಟ್ಟೆಯ ಮೇಲಿಟ್ಟು ಹೋದಳು. ಮತ್ತೆ ಬರಲಿಲ್ಲ.

ಈ ಕಡೆ ಗೋದಲಿಯಲ್ಲಿ ಹುಲ್ಲು ಬೆಳೆಯುತ್ತಿತ್ತು.

ಎರಡನೆಯ ಭಾನುವಾರ ಗೋದಲಿಯ ತಳ ಕಾಣಲಿಲ್ಲ. ಮೂರನೆಯ ಭಾನುವಾರಕ್ಕೆ ಅಂಚಿನವರೆಗೆ ಬಂತು. ಮೊದಮೊದಲು ಒಂದೊಂದೇ ಎಳೆಯನ್ನು ನಾಚಿಕೊಂಡು ಇಡುತ್ತಿದ್ದವರು ಈಗ ಹಿಡಿಹಿಡಿಯಾಗಿ ತುರುಕುತ್ತಿದ್ದರು. ಸೊಂಟನೋವಿನವರು ಇಟ್ಟರು. ವಾಂತಿಯವರು ಇಟ್ಟರು. ಗಂಡಸಿನ ಮೈ ಮುಟ್ಟದವರು ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಇಟ್ಟು ಬಂದರು. ಗೋದಲಿ ಸಾಹುಕಾರ ಎದೆಯುಬ್ಬಿಸಿ, "ಹುಲ್ಲು ಸಾಲ್ತಾ ಇಲ್ಲ ಫಾದರ್! ಹಾಲಿನವಳಿಗೆ ಇನ್ನೊಂದು ಹೊರೆ ಹೇಳಿದೀನಿ" ಎಂದ. ಕೊನೆಯ ಬೆಂಚಿನಲ್ಲಿ ಕೂತ ಕೆಂಡಮ್ಮನಿಗೆ ಆ ಹುಲ್ಲಿನ ಒಂದೊಂದು ಎಳೆಯೂ ತನ್ನ ಕಣ್ಣಿಗೇ ಚುಚ್ಚಿದಂತಾಯಿತು. ಪೂಜೆಯ ಮಧ್ಯೆಯೇ ಎದ್ದು ಹೊರಗೆ ಹೋದಳು.

ಕೋಣೆಯಲ್ಲಿ ಅಜ್ಜನ ಬೆನ್ನು ಒರೆಸುತ್ತಾ ಕುದಿದಳು. "ಇಷ್ಟೊಂದು ಒಳ್ಳೇ ಕೆಲಸ ಯಾರಿಗೆ ಮಾಡಿದ್ರು? ಎಲ್ಲಿ ಮಾಡಿದ್ರು? ಆ ಹುಲ್ಲು ನೋಡಿದ್ರೆ ಈ ಊರಲ್ಲಿ ಕಣ್ಣೀರು ಹಾಕೋ ಒಂದು ಜೀವಾನೂ ಉಳಿದಿರಬಾರದು!"

"ನಿಧಾನಕ್ಕೆ ಒರ್ಸೇ, ನಾನು ಪಾತ್ರೆ ಅಲ್ಲ" ಎಂದ ಅಜ್ಜ. ಆಮೇಲೆ ಹೇಳಿದ, "ಒಂದು ಹುಡುಗಿ ಬಂದಿತ್ತಲ್ಲ. ಅದನ್ನ ನೀನೇ ಓಡಿಸ್ದೆ."

"ದಿಂಬು ತೋಯಿಸಿದ್ಲು."

"ದಿಂಬು ಒಣಗ್ತು. ಆ ಹುಡುಗಿ ಬಂತಾ?"

ಕೆಂಡಮ್ಮ ಒರೆಸುವ ಬಟ್ಟೆ ಹಿಂಡಿದಳು. ಅವಳ ಕೋಪಕ್ಕೆ ಇಷ್ಟು ದಿನ ಹೊರಗೆ ಓಡಾಡಲು ಬೇಕಾದಷ್ಟು ಬೀದಿಗಳಿದ್ದವು. ಅಂದು ಮೊದಲ ಸಲ ಅದು ಒಳಗೆ ತಿರುಗಿ ಅವಳನ್ನೇ ನೋಡಿತು. ಅದು ಅವಳಿಗೆ ಸೇರಲಿಲ್ಲ. ಸೇರದ್ದಕ್ಕೆ ಇನ್ನಷ್ಟು ಕೋಪ ಬಂತು.

ಆಗಮನ ಕಾಲದ ಕೊನೆಯ ಭಾನುವಾರ. ಜನ ಚರ್ಚಿಗೆ ಬಂದು ನೋಡಿದರೆ ನಾಲ್ಕು ಬತ್ತಿಯೂ ಉರಿಯುತ್ತಿವೆ, ಗೋದಲಿ ಬರಿದು! ಒಂದು ಎಳೆಯೂ ಇಲ್ಲ. ತಳದ ಹಲಗೆ, ಹಲಗೆಯ ಮೊಳೆ, ಎಲ್ಲ ಕಾಣುತ್ತಿದೆ. ಬುಟ್ಟಿಯನ್ನೂ ಬೋರಲು ಹಾಕಿದೆ. ಬೆಂಚಿನಿಂದ ಬೆಂಚಿಗೆ ಪಿಸುಮಾತು ಹರಿಯಿತು. ಗೋದಲಿ ಸಾಹುಕಾರನ ಮುಖ ಬಿಳಿಚಿತು. "ಯಾರೋ ಕದ್ದಿದಾರೆ! ಬಾಲಯೇಸುವಿನ ಹಾಸಿಗೆ ಕದ್ದಿದಾರೆ!"

"ಕದ್ದಿಲ್ಲ. ಎತ್ಕೊಂಡು ಹೋದೆ." ಕೊನೆಯ ಬೆಂಚಿನಿಂದ ಕೆಂಡಮ್ಮ ಎದ್ದು ನಿಂತಳು. "ಲಾಂಡ್ರಿ ಚೀಲದಲ್ಲಿ ತುಂಬ್ಕೊಂಡು ಹೋಗಿ, ಎಲ್ಲಿಂದ ಬಂದಿತ್ತೋ ಅಲ್ಲಿಗೇ ಕೊಟ್ಟೆ. ಹಾಲಿನವಳ ಹಸು ತಿಂತು. ಇಷ್ಟು ಹೊತ್ತಿಗೆ ನಿಮ್ಮ ಪುಣ್ಯ ಎಲ್ಲ ಸಗಣಿಯಾಗಿರುತ್ತೆ, ಹೋಗಿ ನೋಡ್ಕೊಳ್ಳಿ."

ಹಿಂದೆ ಯಾರೋ ಕಿಸಕ್ಕೆಂದರು. ಸಾಹುಕಾರ ಬೆರಳು ತೋರಿಸಿ, "ಫಾದರ್! ಕೇಳಿದ್ರಾ? ದೇವಸನ್ನಿಧಿಯಲ್ಲಿ ಆಡೋ ಮಾತಾ ಇದು?" ಎಂದ.

"ಸನ್ನಿಧಿ ಅಂತ ಗೊತ್ತಿದ್ರೆ ಸುಳ್ಳು ಹುಲ್ಲು ಯಾಕೆ ಇಡ್ತಿದ್ರಿ? ಈ ಗೋಡೆಯ ಆಚೆ ಬದಿ ಒಬ್ಬ ಮನುಷ್ಯ ಬೆಳಿಗ್ಗೆಯಿಂದ ಸಂಜೆ ತನಕ ಒಂದೇ ಮಗ್ಗುಲಲ್ಲಿ, ತನ್ನ ಒದ್ದೆಯಲ್ಲೇ ಬಿದ್ದಿರ್ತಾನೆ. ನಿಮ್ಮ ಮದುವೆಗೆ ಗಂಟೆ ಹೊಡೆದವನು ಅವನೇ. ನಿಮ್ಮ ಅಪ್ಪ ಅಮ್ಮ ಸತ್ತಾಗ ಹೊಡೆದವನೂ ಅವನೇ. ಪ್ರತಿ ಮನೆಗೂ ಬಂದು ಕೇಳಿದೆ. ಒಬ್ಬರಾದರೂ ಬಂದ್ರಾ? ಗಾರೆ ಮಗುವಿಗೆ ಬೆನ್ನು ನೋಯಬಾರದು ಅಂತ ಹುಲ್ಲು ಹಾಸ್ತೀರಾ. ಅದಕ್ಕೆ ಬೆನ್ನೇ ಇಲ್ಲ! ಬೆನ್ನಿರೋನು ಅಲ್ಲಿದಾನೆ, ಬೆನ್ನಲ್ಲಿ ತೂತು ಬಿದ್ದಿದೆ!" ಅವಳ ದನಿ ಒಡೆಯಿತು. ಒಡೆದದ್ದಕ್ಕೂ ಅವಳಿಗೆ ಸಿಟ್ಟು ಬಂತು. "ಇನ್ನು ಮೇಲೆ ಅಜ್ಜನ ಮಗ್ಗುಲು ಬದಲಿಸ್ದೋರು ಮಾತ್ರ ಇದರಲ್ಲಿ ಹುಲ್ಲಿಡಿ. ಇಲ್ಲಾಂದ್ರೆ ಮಗು ಬರೀ ಹಲಗೆ ಮೇಲೆ ಮಲಗಲಿ. ಅದಕ್ಕೆ ಅಭ್ಯಾಸ ಇದೆ."

ಗುರುಗಳು ಕೈಯಲ್ಲಿದ್ದ ಪುಸ್ತಕ ಮುಚ್ಚಿದರು. ಅಂದು ಪ್ರಬೋಧನೆ ಮಾಡಲಿಲ್ಲ. "ಅಮ್ಮ ಮಾಡಿ ಆಯ್ತು" ಎಂದಷ್ಟೇ ಹೇಳಿ ಪೂಜೆ ಮುಂದುವರಿಸಿದರು.

ಕತೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನಾಚಿಕೆಯಾದ ಜನ ಸುಮ್ಮನೆ ಕೂರುವುದಿಲ್ಲ. ಮರುದಿನ ಮಧ್ಯಾಹ್ನ ಅಜ್ಜನ ಕೋಣೆಗೆ ಜಾತ್ರೆಯ ಹಾಗೆ ಜನ. ಬಾಗಿಲ ಕೀಲಿ ಗುರುಗಳ ಬಳಿಯೂ ಒಂದಿತ್ತು, ಅವರೇ ತೆರೆದುಕೊಟ್ಟರು. ಒಬ್ಬರು ಬಂದು ಎಡಕ್ಕೆ ತಿರುಗಿಸಿದರು, ಅವರು ಹೋಗುವಷ್ಟರಲ್ಲಿ ಇನ್ನೊಬ್ಬರು ಬಂದು ಬಲಕ್ಕೆ. ತಿರುಗಿಸಿದವರೆಲ್ಲ ಓಡಿಹೋಗಿ ಗೋದಲಿಗೆ ಎಳೆ ಹಾಕಿದರು. ಸಾಹುಕಾರ ಹೆಂಡತಿಯನ್ನು ಕರೆತಂದು, ಅಜ್ಜನ ಭುಜ ಹಿಡಿದು, ಫೋನಿನಲ್ಲಿ ಪಟ ತೆಗೆಸಿಕೊಂಡ. ಸಂಜೆ ಕೆಂಡಮ್ಮ ಬಂದಾಗ ಅಜ್ಜ ಬಾಣಲೆಯಲ್ಲಿ ಮಗುಚಿ ಮಗುಚಿ ಸುಸ್ತಾದ ಮೀನಿನಂತೆ ಬಿದ್ದಿದ್ದ.

"ಇವಳೇ, ನನ್ನ ಆ ವ್ಯಾನಿಗೇ ಹಾಕಿಬಿಡೇ" ಎಂದು ನರಳಿದ. "ಒಂದು ನಿಮಿಷ ಕಣ್ಣು ಮುಚ್ಚೋಕೆ ಬಿಡ್ಲಿಲ್ಲ. ನನ್ನ ಮೈ ಏನು ಪುಣ್ಯದ ಅಂಗಡೀನಾ?"

ಮರುದಿನ ಬೆಳಿಗ್ಗೆ ಅವಳು ಚರ್ಚಿನ ಮೆಟ್ಟಿಲ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಪೂಜೆಗೆ ಬಂದವರನ್ನೆಲ್ಲ ಅಲ್ಲೇ ತಡೆದು ಕೇಳಿದಳು: "ಹಬ್ಬ ಆದ್ಮೇಲೆ ಬರ್ತೀರಾ? ದೀಪ ತೆಗೆದ ಮೇಲೆ, ಗೋದಲಿ ಬಿಚ್ಚಿದ ಮೇಲೆ, ಇಡೋಕೆ ಹುಲ್ಲೇ ಇಲ್ಲದ ದಿನ ಬರ್ತೀರಾ? ಬರೋದಾದ್ರೆ ಇವತ್ತೇ ಬೇಡ, ಆಗ ಬನ್ನಿ. ಇಲ್ಲಾಂದ್ರೆ ಯಾವತ್ತೂ ಬೇಡ." ಆಮೇಲೆ ಒಳಗೆ ಹೋಗಿ ಗೋದಲಿಯನ್ನು ಮತ್ತೊಮ್ಮೆ ಬರಿದು ಮಾಡಿದಳು. ಹಸುವಿಗೆ ಆ ವರ್ಷ ಹಬ್ಬ ಜೋರಾಗಿಯೇ ನಡೆಯಿತು.

ಗುರುಗಳು ಒಂದು ಎಳೆ ಹಿಡಿದು ಅವಳ ಬಳಿ ಬಂದರು. "ಅಮ್ಮಾ, ನೆನ್ನೆ ನಾನೂ ಹಾಸು ಬದಲಿಸ್ದೆ. ನಾನೊಂದು ಇಡ್ಲಾ?"

"ರಜೆ ಮುಗಿದು ಶಾಲೆ ಶುರುವಾದ ಮೇಲೆ ಮಧ್ಯಾಹ್ನ ಬರ್ತೀರಾ ಫಾದರ್?"

ಗುರುಗಳು ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. ಯೋಚಿಸಿದರು. "ಆಗ ಕಷ್ಟ..."

"ಹಾಗಾದ್ರೆ ಇಡ್ಬೇಡಿ."

ಅವರು ಇಡಲಿಲ್ಲ. ಅದೊಂದಕ್ಕೆ ಕೆಂಡಮ್ಮನಿಗೆ ಅವರ ಮೇಲೆ ಮೊದಲ ಬಾರಿ ಸ್ವಲ್ಪ ಗೌರವ ಬಂತು.

ಕ್ರಿಸ್‌ಮಸ್ಸಿನ ದಿನ ಬಾಲಯೇಸು ಬರೀ ಹಲಗೆಯ ಮೇಲೆ ಮಲಗಿದ. ಸಾಹುಕಾರ ಹತ್ತಿಯಾದರೂ ಹಾಕೋಣವೆಂದು ಅಂಗಲಾಚಿದ, ಗುರುಗಳು ಬೇಡವೆಂದರು. ಜನ ಮುತ್ತಿಡಲು ಬಂದಾಗ ಮೊಳೆ ಕಂಡರು. ಕೆಲವರು ಕಣ್ಣು ತಪ್ಪಿಸಿದರು. ಕೆಲವರು ಕೆಂಡಮ್ಮನನ್ನು ದುರುಗುಟ್ಟಿ ನೋಡಿದರು. ಅವಳು ಅಷ್ಟೇ ದುರುಗುಟ್ಟಿ ತಿರುಗಿ ನೋಡಿದಳು.

ಹಬ್ಬ ಮುಗಿಯಿತು. ಅವಳೆಣಿಸಿದ ಹಾಗೇ ಯಾರ ಸುಳಿವೂ ಇಲ್ಲ. ಗುರುಗಳನ್ನು ಕೇಳಿದರೆ, "ನನ್ನ ಬಳಿ ಯಾರೂ ಬಂದು ಹೇಳಿಲ್ಲಮ್ಮಾ" ಎಂದರು. ಆದರೆ ಒಂದು ವಿಚಿತ್ರ. ಸಂಜೆ ಹೋದರೆ ಅಜ್ಜ ಬೆಳಿಗ್ಗೆ ಮಲಗಿಸಿದ್ದ ಮಗ್ಗುಲಲ್ಲಿ ಇರುತ್ತಿರಲಿಲ್ಲ. ಹಾಸು ಒಣಗಿರುತ್ತಿತ್ತು. ಹಾಸಿನ ಮೂಲೆಗಳನ್ನು ಮಂಚದ ಕಾಲಿಗೆ ಯಾರೋ ಗಂಟು ಹಾಕಿ ಕಟ್ಟಿರುತ್ತಿದ್ದರು.

"ಇದ್ಯಾರು ಕಟ್ಟಿದ್ದು? ಹಾಸಿನ ಮೂಲೇನ ಯಾರಾದ್ರೂ ಗಂಟು ಹಾಕ್ತಾರಾ? ಒಳಗೆ ಸೇರಿಸ್ಬೇಕು!"

"ದೇವದೂತ" ಎಂದ ಅಜ್ಜ.

"ನಿನ್ನ ದೇವದೂತನಿಗೆ ಕೆಲಸ ಬರಲ್ಲ."

"ಹೇಳ್ತೀನಿ ಬಿಡು."

ಗುರುಗಳೇ ಕದ್ದು ಬಂದು ಹೋಗುತ್ತಿರಬೇಕು, ಶಾಲೆ ಶುರುವಾದರೆ ಅದೂ ನಿಂತೀತು ಎಂದುಕೊಂಡಳು. ಗಂಟು ಬಿಚ್ಚಿ, ಮೂಲೆಯನ್ನು ಹಾಸಿಗೆಯಡಿ ನೀಟಾಗಿ ಸೇರಿಸಿ ಹೋದಳು.

ಮೂವರು ರಾಜರ ಹಬ್ಬ ಕಳೆಯಿತು. ಮರುದಿನ ಲಾಂಡ್ರಿಯಲ್ಲಿ ಹಬೆಯ ಮಧ್ಯೆ ನಿಂತ ಕೆಂಡಮ್ಮನ ಕೈ ಇಸ್ತ್ರಿಯ ಮೇಲಿತ್ತು, ಕಣ್ಣು ಗೋಡೆ ಗಡಿಯಾರದ ಮೇಲೆ. ಮಧ್ಯಾಹ್ನದ ಗಂಟೆ ದೂರದಲ್ಲಿ ಬಾರಿಸಿತು, ತಾಳ ತಪ್ಪಿಯೇ. ಬೈಯುವವನನ್ನು ಈಗ ವ್ಯಾನಿಗೆ ಹಾಕುತ್ತಿರುತ್ತಾರೆ ಎಂದುಕೊಂಡಳು, ಅಷ್ಟೇ. ಇಸ್ತ್ರಿಯನ್ನು ನೆಟ್ಟಗೆ ನಿಲ್ಲಿಸಿ ಬಾಗಿಲಿಗೆ ನಡೆದಳು.

"ಎಲ್ಲಿಗೆ? ಹೋದ್ರೆ ಮತ್ತೆ ಬರ್ಬೇಡ ಅಂದಿದ್ನಲ್ಲ!" ಮೇಸ್ತ್ರಿ ಅಡ್ಡ ನಿಂತ.

"ನನ್ನಷ್ಟು ಚೆನ್ನಾಗಿ ಬೈಯೋಳು ನಿಂಗೆ ಎಲ್ಲಿ ಸಿಗ್ತಾಳೆ? ಗೇಟು ತೆಗಿ." ಮೇಸ್ತ್ರಿ ತೆಗೆದ. ಯಾಕೆ ತೆಗೆದೆನೆಂದು ಅವನಿಗೆ ಸಂಜೆಯವರೆಗೂ ತಿಳಿಯಲಿಲ್ಲ.

ಓಡಿದಳು. ನಾಯಿಯೂ ಹಿಂದೆ ಓಡಿತು. ಚರ್ಚಿನ ಅಂಗಳದಲ್ಲಿ ವ್ಯಾನು ನಿಂತಿತ್ತು. ಅದರ ಪಕ್ಕದಲ್ಲಿ ಬಿಸಿಲಿಗೆ ಮೈಯೊಡ್ಡಿ ಒಂಟೆ, ಮೂವರು ರಾಜರು, ಮೂಗಿಲ್ಲದ ಕುರುಬ. ಗೋದಲಿ ಸಾಹುಕಾರ ಕೋಣೆಯ ಬಾಗಿಲನ್ನು ಗುದ್ದುತ್ತಿದ್ದ. ಗುರುಗಳು ಕೈ ಹಿಸುಕುತ್ತಾ ನಿಂತಿದ್ದರು. ವ್ಯಾನಿನವನು ಬೀಡಿ ಸೇದುತ್ತಿದ್ದ.

"ಒಳಗಿಂದ ಚಿಲಕ ಹಾಕಿದಾರೆ!" ಎಂದ ಸಾಹುಕಾರ.

"ಲಕ್ವ ಹೊಡೆದೋನು ಎದ್ದು ಚಿಲಕ ಹಾಕಿದ್ನಾ?" ಕೆಂಡಮ್ಮ ಅವನನ್ನು ಪಕ್ಕಕ್ಕೆ ತಳ್ಳಿ ಬಾಗಿಲಿಗೆ ಬಾಯಿಟ್ಟಳು. "ಯಾರೇ ಒಳಗೆ?"

ಚಿಲಕ ಸರಿಯಿತು. ಬಾಗಿಲು ಒಂದು ಬೆರಳಷ್ಟು ತೆರೆಯಿತು. ದರ್ಜಿಯ ಹೆಂಡತಿ! ಬಾಯಲ್ಲಿ ದಾರ, ಕೈಯಲ್ಲಿ ಗುಂಡಿ ಹೊಲಿಯುತ್ತಿದ್ದ ಅಂಗಿ. ಅವಳ ಹಿಂದೆ ಮಂಚದ ಮೇಲೆ ಗಂಟೆಯಜ್ಜ, ಒಣಹಾಸಿನ ಮೇಲೆ, ಎಡ ಮಗ್ಗುಲಲ್ಲಿ.

"ನೀನಾ!"

"ಕ್ರಿಸ್‌ಮಸ್ ಮರುದಿನದಿಂದ ದಿನಾ ಬರ್ತಿದೀನಿ ಅಕ್ಕಾ. ಅತ್ತೆ ಊಟ ಮಾಡಿ ಮಲಗಿದಾಗ." ಹುಡುಗಿಯ ದನಿ ನಡುಗುತ್ತಿತ್ತು, ಕೈ ನಡುಗುತ್ತಿರಲಿಲ್ಲ. "ತಮ್ಮ ಹಳೇ ಕೀಲಿ ಒಂದು ಕಿಟಕಿಯ ಮೇಲಿದೆ ಅಂತ ಅಜ್ಜ ಒಳಗಿಂದಲೇ ಹೇಳಿದ್ರು. ಫಾದರಿಗೆ ಹೇಳಿದ್ರೆ ಅತ್ತೆಗೆ ಗೊತ್ತಾಗುತ್ತೆ. ನಿಮಗೆ ಹೇಳಿದ್ರೆ..."

"ನನಗೆ ಹೇಳಿದ್ರೆ ಏನು?"

"ಬೈತೀರ."

ಕೆಂಡಮ್ಮ ಬಾಯಿ ತೆರೆದಳು. ಗುರುಗಳು, ಸಾಹುಕಾರ, ವ್ಯಾನಿನವನು, ನಾಯಿ, ಎಲ್ಲರೂ ಕಾದರು. ಬಾಯಿ ಮುಚ್ಚಿತು.

"ಇವತ್ತು ಇಡೀ ಬೀದಿಗೆ ಗೊತ್ತಾಯ್ತಲ್ಲ. ನಿಮ್ಮತ್ತೆ ಏನಂತಾಳೆ?" ಎಂದಳು ಕೊನೆಗೆ.

"ಬೈತಾರೆ. ಅಷ್ಟೇ ತಾನೆ? ಅವತ್ತು ನಿಮ್ಮ ಹತ್ರ ಬೈಸ್ಕೊಂಡು ಬದುಕಿದೀನಿ. ಅತ್ತೆ ಬೈಗುಳ ಅದರ ಮುಂದೆ ಏನೂ ಅಲ್ಲ." ಹುಡುಗಿ ದಾರ ಕಚ್ಚಿ ತುಂಡರಿಸಿದಳು. "ಅವತ್ತು ನೀವು ಹೇಳಿದ್ದು ಸರಿಯಾಗೇ ಇತ್ತು ಅಕ್ಕಾ. ಹೇಳಿದ ರೀತಿ ಸರಿಯಿರಲಿಲ್ಲ."

ಗುರುಗಳು ವ್ಯಾನಿನವನ ಕಡೆ ತಿರುಗಿದರು. "ನೀವು ಹೋಗಿ. ಬೇಡ" ಎಂದರು. "ನೋಡೋಣ" ಎನ್ನಲಿಲ್ಲ. ಆಮೇಲೆ ದನಿ ತಗ್ಗಿಸಿ, "ಭಾನುವಾರ ನನಗೆ ಶಾಲೆ ಇರಲ್ಲ. ಭಾನುವಾರದ ಮಧ್ಯಾಹ್ನ ನನ್ನದು" ಎಂದರು.

"ಅಲ್ಲಾ ಫಾದರ್!" ಸಾಹುಕಾರ ಕೂಗಿದ. "ಈ ಒಂಟೇನ ನಾನೆಲ್ಲಿಡ್ಲಿ?"

"ನಿಮ್ಮನೆ ನಡುಮನೇಲಿ ಇಟ್ಕೊಳ್ಳಿ" ಎಂದಳು ಕೆಂಡಮ್ಮ. "ಅದಕ್ಕೆ ಮಗ್ಗುಲು ಬದಲಿಸೋ ಕೆಲಸ ಇಲ್ಲ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಜ್ಜನ ಬೆನ್ನಿನ ಬಟ್ಟೆ ಎತ್ತಿ ನೋಡಿದಳು. ಹುಣ್ಣಿನ ಅಂಚು ಕೂಡಿಕೊಳ್ಳುತ್ತಿತ್ತು. ಬೆರಳಿನಿಂದ ಅದರ ಸುತ್ತ ಮೆಲ್ಲಗೆ ಒತ್ತಿದಳು. ಹುಡುಗಿಯ ಕಡೆ ನೋಡದೆ, ಮಂಚದ ಕಾಲಿನ ಗಂಟಿನ ಕಡೆ ನೋಡಿದಳು.

"ಇದೇನಿದು? ಹಸು ಕಟ್ಟೋ ಹಾಗೆ ಕಟ್ಟಿದೀಯಾ?"

"ಸೇರಿಸಿದ್ರೆ ಅಜ್ಜ ಒದ್ದಾಡಿದಾಗ ಬಿಚ್ಚಿಕೊಳ್ಳುತ್ತೆ. ಗಂಟು ಬಿಚ್ಚಲ್ಲ."

"ಮೂಲೆ ಸೇರಿಸೋದೇ ಸರಿ."

"ಗಂಟೇ ಸರಿ."

"ಇಡೀ ಆಸ್ಪತ್ರೆಯ ಹಾಸು ಮಡಚಿದೀನಿ ನಾನು!"

"ಅದರ ಮೇಲೆ ಯಾರೂ ಮಲಗಿರ್ಲಿಲ್ಲ!"

"ಥೂ ನಿಮ್ಮ!" ಮಂಚದ ಮೇಲಿಂದ ಗಂಟೆಯಜ್ಜ ಸೊಟ್ಟ ಬಾಯಿಯನ್ನು ಆದಷ್ಟು ನೆಟ್ಟಗೆ ಮಾಡಿಕೊಂಡು ಗುಡುಗಿದ. "ಜಗಳ ಆಚೆ ಹೋಗಿ ಆಡಿ. ಕೈ ಮರಗಟ್ಟಿದೆ, ಮೊದಲು ನನ್ನ ಈ ಕಡೆ ತಿರುಗಿಸಿ!"

ಇಬ್ಬರೂ ಬಗ್ಗಿದರು. ಒಬ್ಬಳು ಭುಜ ಹಿಡಿದಳು, ಒಬ್ಬಳು ಸೊಂಟ. ಬೈದುಕೊಳ್ಳುತ್ತಲೇ ಅವನನ್ನು ತಿರುಗಿಸಿದರು.